ಎರೆನೆಲದ ಬಿರುಕು: ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಸೀಮೆ

ಜೇಡಿಯಂಶ ಹೆಚ್ಚಿರುವ ಕರಿಮಣ್ಣು ಒಣಗುತ್ತ ಕುಗ್ಗುತ್ತದೆ. ಕುಗ್ಗಲು ಅಡ್ಡಿಯಿದ್ದಲ್ಲಿ ಎಳೆತ ಹುಟ್ಟುತ್ತದೆ. ಆ ಎಳೆತ ಮಣ್ಣಿನ ತಾಳಿಕೆಯನ್ನು ಮೀರಿದಾಗ ನೆಲ ಸೀಳುತ್ತದೆ. ತತ್ತ್ವ ಇಷ್ಟೇ ಆದರೂ ಅದರ ಪರಿಣಾಮ ಚಿಕ್ಕದಲ್ಲ. ಬಿಳಿಜೋಳ, ಕಡಲೆ ಎದ್ದ ಮೇಲೆ, ಶಿವರಾತ್ರಿಯಿಂದ ಕಾರಹುಣ್ಣಿಮೆಯವರೆಗೆ, ಮಕ್ತಲ್ ಸುತ್ತಿನ ಆಳವಾದ ಎರೆಹೊಲಗಳಲ್ಲಿ ಅಂಗೈ ತೂರುವಷ್ಟು ಅಗಲದ, ಗಜದ ಕೋಲನ್ನು ನುಂಗುವಷ್ಟು ಆಳದ ಸೀಳುಗಳು ಕಾಣುತ್ತವೆ. 'ಎರಿ ಬಾಯಿ ಬಿಟ್ಟದ' ಎಂದು ರೈತರು ಹೇಳುವುದು ಇದನ್ನೇ. ದನದ ಕಾಲು ಸಿಕ್ಕಿ ಮುರಿಯುವುದೂ, ಇಲಿ ಹಾವುಗಳು ಮನೆ ಮಾಡುವುದೂ ಇದರಲ್ಲೇ.

ಈ ಸೀಮೆ ಇಂದು ತೆಲಂಗಾಣದ ಎರಡು ಜಿಲ್ಲೆಗಳಲ್ಲಿ ಹಂಚಿಹೋಗಿದೆ. ಜೋಗುಲಾಂಬ ಗದ್ವಾಲ್ ಜಿಲ್ಲೆ 2016ರ ಅಕ್ಟೋಬರ್‌ನಲ್ಲಿ ರಚನೆಯಾಯಿತು. ಮಕ್ತಲ್ ಸೇರಿದ ನಾರಾಯಣಪೇಟೆ ಜಿಲ್ಲೆ ಮೆಹಬೂಬ್‌ನಗರದಿಂದ ಬೇರ್ಪಟ್ಟದ್ದು 2019ರ ಫೆಬ್ರವರಿಯಲ್ಲಿ. ಗದ್ವಾಲ್ ಮತ್ತು ಆಲಂಪುರ ತಾಲೂಕುಗಳು ಹೈದರಾಬಾದ್ ಸಂಸ್ಥಾನದ ರಾಯಚೂರು ಜಿಲ್ಲೆಯಲ್ಲಿದ್ದವು. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಬಂದಾಗ ಈ ಎರಡು ಮಾತ್ರ ಆಂಧ್ರಪ್ರದೇಶಕ್ಕೆ ಹೋದವು. ಹೀಗಾಗಿ ರಾಯಚೂರು ಸೀಮೆಯ ಮಣ್ಣಿನ ಬಗ್ಗೆ ಹಿಂದೆ ಬರೆದದ್ದರಲ್ಲಿ ಬಹುಪಾಲು ಗದ್ವಾಲಿಗೂ ಸಲ್ಲುತ್ತದೆ. ಕೃಷ್ಣಾ ಮಂಡಲದ ತಂಗಿಡಿ ಬಳಿ ಭೀಮೆ ಕೃಷ್ಣೆಯನ್ನು ಸೇರುತ್ತದೆ. ಅಲ್ಲಿಂದ ಮಕ್ತಲ್‌ವರೆಗಿನ ಊರುಗಳಲ್ಲಿ ಕನ್ನಡ, ತೆಲುಗು ಎರಡೂ ಮನೆಮಾತು. ಕನ್ನಡದವರು ಎರೆ, ಮಸಾರಿ ಎಂದು ಬೇರೆ ಮಾಡುವ ನೆಲವನ್ನೇ ತೆಲುಗಿನವರು ರೇಗಡಿ, ಚಲಕ ಎಂದು ಬೇರೆ ಮಾಡುತ್ತಾರೆ. ಬಿರಿಯುವುದು ಎರೆ. ಕೆಂಪು ಛಾಯೆಯ, ಮರಳು ಬೆರೆತ ಮಸಾರಿಯಲ್ಲಿ ಹೇಳಿಕೊಳ್ಳುವಂಥ ಬಿರುಕು ಇರುವುದಿಲ್ಲ.

ಈ ಕರಿಮಣ್ಣು ಎಲ್ಲಿಂದ ಬಂತೆಂಬುದು ಹಳೆಯ ಜಗಳ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಹೈದರಾಬಾದ್ ಸೀಮೆಯಲ್ಲಿ ಕೆಲಸ ಮಾಡಿದ ವೈದ್ಯ-ಭೂವಿಜ್ಞಾನಿ ವಾಯ್ಸಿ, ಇದು ಕಪ್ಪು ಬಸಾಲ್ಟ್ ಶಿಲೆ ಶಿಥಿಲಗೊಂಡು ಆದ ಮಣ್ಣು ಎಂದ. ಕ್ಯಾಪ್ಟನ್ ನ್ಯೂಬೋಲ್ಡ್ ನೀರಿನಡಿಯಲ್ಲಿ ತಂಗಿದ ಹೂಳು ಎಂದ. ಈ ಸೀಮೆಯ ಮಟ್ಟಿಗೆ ಎರಡೂ ಪೂರ್ತಿ ಹೊಂದುವುದಿಲ್ಲ. ಕಲಬುರ್ಗಿಯ ಎರೆ ಬಸಾಲ್ಟಿನ ಮೇಲೆ ಕೂತಿದ್ದರೆ, ನಾರಾಯಣಪೇಟೆ-ಗದ್ವಾಲ್‌ಗಳ ಅಡಿಪಾಯ ಮುಖ್ಯವಾಗಿ ಗ್ರಾನೈಟು, ನೈಸ್ ಶಿಲೆ. ನಡುವೆ ಗದ್ವಾಲ್ ಪದರಶಿಲೆಯ ಪಟ್ಟಿ ಹಾದುಹೋಗುತ್ತದೆ. ನಾರಾಯಣಪೇಟೆ, ಮದ್ದೂರು, ಕೋಟಕೊಂಡ ಸುತ್ತ ವಜ್ರದ ತಾಯಿಶಿಲೆಯಾದ ಕಿಂಬರ್‌ಲೈಟ್ ಕೊಳವೆಗಳೂ ಸಿಕ್ಕಿವೆ. ಕಬ್ಬಿಣ, ಮೆಗ್ನೀಷಿಯಂ, ಸುಣ್ಣ ಹೇರಳವಾಗಿರುವ ಇಂಥ ಕಪ್ಪು ಶಿಲೆಗಳು ಶಿಥಿಲವಾದರೆ ಉಬ್ಬುವ ಜೇಡಿ ಹುಟ್ಟುತ್ತದೆ. ಗ್ರಾನೈಟಿನ ಎತ್ತರದಿಂದ ತೊಳೆದು ಬಂದ ಸುಣ್ಣ, ಸಿಲಿಕಾಗಳು ತಗ್ಗಿನಲ್ಲಿ ನಿಂತರೂ ಅದೇ ಜೇಡಿ ಕೂಡಿಬರುತ್ತದೆ. ನದಿಗಳ ದಡದ ಮೆಕ್ಕಲು ಮೂರನೆಯ ಮೂಲ. ದಿಬ್ಬದಲ್ಲಿ ಮಸಾರಿ, ತಗ್ಗಿನಲ್ಲಿ ಎರೆ, ಒಂದೇ ಹೊಲದೊಳಗೆ ಎರಡೂ ಇರುವುದಕ್ಕೆ ಕಾರಣ ಇದು. ಮಳೆ ಕಡಿಮೆ ಇರುವುದೂ ಮುಖ್ಯವೇ. ಗದ್ವಾಲ್ ತೆಲಂಗಾಣದಲ್ಲಿ ಅತಿ ಕಡಿಮೆ ಮಳೆ ಬೀಳುವ ಜಿಲ್ಲೆಗಳಲ್ಲಿ ಒಂದು. ಸುಣ್ಣ ತೊಳೆದುಹೋಗದೆ ಮಣ್ಣಲ್ಲೇ ಹರಳುಗಟ್ಟಿ ಉಳಿಯುತ್ತದೆ.

ಎಳೆತ ಹುಟ್ಟುವ ಬಗೆ

ಎರೆಯಲ್ಲಿರುವ ಮುಖ್ಯ ಜೇಡಿ ಸ್ಮೆಕ್ಟೈಟ್ ಗುಂಪಿನ ಮಾಂಟ್‌ಮೊರಿಲ್ಲೊನೈಟ್. ಒಂದೊಂದು ಹಾಳೆಯೂ ಸುಮಾರು ಒಂದು ನ್ಯಾನೋಮೀಟರ್ ದಪ್ಪ. ಪೂರ್ತಿ ಬಿಡಿಸಿ ಹರಡಿದರೆ ಒಂದು ಗ್ರಾಂ ಜೇಡಿಗೆ 700-800 ಚದರ ಮೀಟರ್ ಮೈ. ಹಾಳೆಗಳ ನಡುವೆ ನೀರು ಸೇರಿದಾಗ ಅವು ದೂರ ಸರಿಯುತ್ತವೆ, ನೀರು ಹೋದಾಗ ಹತ್ತಿರ ಬರುತ್ತವೆ. ಶಾಲಾ ಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೇ ವಿವರಣೆ ನಿಲ್ಲಿಸುತ್ತವೆ. ಅದು ಅರ್ಧ ಸತ್ಯ. ಹಾಳೆಗಳ ಒಳನೀರು ಬಿಗಿಯಾಗಿ ಕೂತಿರುತ್ತದೆ. ಮಣ್ಣು ಬಹಳ ಒಣಗುವವರೆಗೆ ಅದು ಅಷ್ಟಾಗಿ ಕದಲುವುದಿಲ್ಲ. ಹೊಲದಲ್ಲಿ ನಾವು ಕಾಣುವ ಕುಗ್ಗುವಿಕೆಯಲ್ಲಿ ಹೆಚ್ಚಿನದು ಹಾಳೆಗಳ ಕಟ್ಟುಗಳ ನಡುವಿನ ಸಣ್ಣ ರಂಧ್ರಗಳಿಂದ ನೀರು ಹೋಗುವಾಗ ಆಗುವಂಥದು.

ಆ ರಂಧ್ರಗಳ ಬಾಯಲ್ಲಿ ನೀರಿನ ಮೈ ಒಳಬಾಗುತ್ತದೆ. ನೀರಿನ ಮೇಲ್ಮೈ ಎಳೆತ ಅದನ್ನು ಹಿಡಿದಿಡುತ್ತದೆ, ಹಿಡಿಯುವ ಭರದಲ್ಲಿ ಪಕ್ಕದ ಕಣಗಳನ್ನೂ ಎಳೆಯುತ್ತದೆ. ಒಂದು ಮೈಕ್ರೋಮೀಟರ್ ತ್ರಿಜ್ಯದ ರಂಧ್ರದಲ್ಲಿ ಈ ಹೀರುಬಲ ಸುಮಾರು 144 ಕಿಲೋಪಾಸ್ಕಲ್, ಎಂದರೆ ವಾಯುಭಾರಕ್ಕಿಂತ ಹೆಚ್ಚು. ರಂಧ್ರ ಹತ್ತು ಪಟ್ಟು ಸಣ್ಣದಾದರೆ ಬಲ ಹತ್ತು ಪಟ್ಟು. ಬಹುತೇಕ ಬೆಳೆಗಳು ಬಾಡಿ ಮೇಲೇಳದ ಸ್ಥಿತಿಯನ್ನು 1500 ಕಿಲೋಪಾಸ್ಕಲ್ ಎಂದು ಗುರುತಿಸುತ್ತಾರೆ. ಮರಳಿನ ರಂಧ್ರ ದೊಡ್ಡದು, ನೀರು ಬೇಗ ಸೋರಿ ಗಾಳಿ ಒಳಹೊಕ್ಕು ಎಳೆತ ಸಡಿಲುತ್ತದೆ. ಜೇಡಿಯಲ್ಲಿ ಗಾಳಿ ನುಗ್ಗಲಾರದೆ, ಹೋದ ನೀರಿನಷ್ಟೇ ಗಾತ್ರ ಮಣ್ಣೂ ಕಳೆದುಕೊಳ್ಳುತ್ತದೆ. ಇಂಗ್ಲೆಂಡಿನ ಹೈನ್ಸ್ 1923ರಲ್ಲಿ ಇದನ್ನು ಅಳೆದು, ನೀರು-ಗಾತ್ರ ಸಮವಾಗಿ ಇಳಿಯುವ ಹಂತವನ್ನೂ, ನಂತರ ಗಾಳಿ ಹೊಕ್ಕು ಕುಗ್ಗುವಿಕೆ ನಿಧಾನವಾಗುವ ಹಂತವನ್ನೂ ಬೇರೆ ಮಾಡಿ ತೋರಿಸಿದ. ಇದಕ್ಕೂ ಮೊದಲು, 1911ರಲ್ಲಿ, ಸ್ವೀಡನ್ನಿನ ಆಟರ್‌ಬರ್ಗ್ ಜೇಡಿಯ ದ್ರವಮಿತಿ, ಮಿದುಮಿತಿ, ಕುಗ್ಗುಮಿತಿಗಳನ್ನು ಹೆಸರಿಸಿದ್ದ. ಇಂದಿಗೂ ಮಣ್ಣಿನ ಪ್ರಯೋಗಾಲಯಗಳು ಬಳಸುವುದು ಅವನ್ನೇ.

ಕುಗ್ಗುವುದೊಂದರಿಂದಲೇ ಬಿರುಕು ಬೀಳುವುದಿಲ್ಲ. ಎರೆಯ ಹೆಂಟೆಯೊಂದನ್ನು ಕಿತ್ತು ನೆರಳಲ್ಲಿ ಸಾವಕಾಶ ಒಣಗಿಸಿದರೆ ಅದು ಎಲ್ಲ ಕಡೆಯಿಂದ ಸಣ್ಣದಾಗಿ ಗಟ್ಟಿ ಉಂಡೆಯಾಗುತ್ತದೆಯೇ ಹೊರತು ಸೀಳುವುದಿಲ್ಲ. ಹೊಲದಲ್ಲಿ ಹಾಗಲ್ಲ. ಮೇಲಿನ ಪದರ ಕುಗ್ಗಲು ಹೊರಟರೆ ಕೆಳಗಿನ ಹಸಿ ಪದರ ಬಿಡುವುದಿಲ್ಲ, ಅಕ್ಕಪಕ್ಕದ ಮಣ್ಣೂ ಹಿಡಿದಿರುತ್ತದೆ. ಡೊಳ್ಳಿನ ಬಾಯಿಗೆ ಬಿಗಿದ ಹಸಿ ಚರ್ಮ ಒಣಗುತ್ತ ಬಿಗಿಯಾಗುವ ರೀತಿ ಇದು. ಅಂಚು ಬಿಟ್ಟಿದ್ದರೆ ಚರ್ಮ ಸುರುಟುತ್ತಿತ್ತು, ಅಂಚು ಹಿಡಿದಿರುವುದರಿಂದ ಬಿಗಿಯುತ್ತದೆ. ಕೆಳಮುಖವಾಗಿ ಅಡ್ಡಿಯಿಲ್ಲ, ಆದ್ದರಿಂದ ನೆಲ ಮೊದಲು ಸದ್ದಿಲ್ಲದೆ ಕುಸಿಯುತ್ತದೆ. ಅಡ್ಡಲಾಗಿ ಅಡ್ಡಿಯಿದೆ, ಅಲ್ಲಿ ಎಳೆತ ಕೂಡುತ್ತ ಹೋಗುತ್ತದೆ. ಬಿಸಿಲು ನೆಲವನ್ನು ಸೀಳಿತು ಎನ್ನುವುದು ವಾಡಿಕೆ. ನಿಜವಾಗಿ ಸೀಳುವುದು ಹಿಡಿತ.

ಇನ್ನೊಂದು ತಪ್ಪು ತಿಳಿವಳಿಕೆ, ಮಣ್ಣು ಪೂರ್ತಿ ಒಣಗಿದ ಮೇಲೆ ಬಿರಿಯುತ್ತದೆ ಎಂಬುದು. ಎಳೆತವನ್ನು ತಾಳುವ ಶಕ್ತಿ ಹಸಿ ಜೇಡಿಗೆ ಬಹಳ ಕಡಿಮೆ, ಕೆಲವು ಹತ್ತು ಕಿಲೋಪಾಸ್ಕಲ್. ಒಣಗಿದ ಹೆಂಟೆಗೆ ಅದರ ಎಷ್ಟೋ ಪಟ್ಟು. ಮಣ್ಣಿನ ಬಿಲ್ಲೆಯನ್ನು ನಿಲ್ಲಿಸಿ ಮೇಲೆ ಕೆಳಗೆ ಒತ್ತಿ ನಡುವೆ ಸೀಳುವಂತೆ ಮಾಡುವ ಪರೀಕ್ಷೆಯಿಂದ ಇದನ್ನು ಅಳೆಯುತ್ತಾರೆ. ಬ್ರೆಜಿಲ್‌ನಲ್ಲಿ 1943ರಲ್ಲಿ ಕಾಂಕ್ರೀಟಿಗಾಗಿ ಹುಟ್ಟಿದ ಪರೀಕ್ಷೆ ಅದು. ಒಣಗುತ್ತ ಹೋದಂತೆ ಎಳೆತವೂ ಬೆಳೆಯುತ್ತದೆ, ತಾಳಿಕೆಯೂ ಬೆಳೆಯುತ್ತದೆ, ಆರಂಭದಲ್ಲಿ ಎಳೆತ ಮುಂದಿರುತ್ತದೆ. ಹಾಗಾಗಿ ಮೊದಲ ಕೂದಲೆಳೆ ಸೀಳು ಬೀಳುವಾಗ ಮಣ್ಣು ಮುಟ್ಟಿದರೆ ಇನ್ನೂ ತಂಪು. ರಂಧ್ರಗಳಲ್ಲಿ ನೀರು ಹೆಚ್ಚುಕಡಿಮೆ ತುಂಬಿಯೇ ಇರುತ್ತದೆ. ಸೀಳು ಎಲ್ಲೆಂದರಲ್ಲಿ ಹುಟ್ಟುವುದೂ ಇಲ್ಲ. ಕೊಳೆತ ಬೇರಿನ ದಾರಿ, ಕೂಳೆ, ಹುಳುವಿನ ರಂಧ್ರ, ಕಳೆದ ವರ್ಷದ ಮುಚ್ಚಿದ ಸೀಳು, ಇಂಥ ಕೊರೆಯಿದ್ದಲ್ಲಿ ಎಳೆತ ಮಡುಗಟ್ಟುತ್ತದೆ. ಗಾಜು ಒಡೆಯುವುದನ್ನು ವಿವರಿಸಲು ಗ್ರಿಫಿತ್ 1921ರಲ್ಲಿ ಮಂಡಿಸಿದ ಈ ವಿಚಾರ ಎರೆಗೂ ಹೊಂದುತ್ತದೆ.

ಬಿರುಕಿನ ಒಟ್ಟು ಗಾತ್ರ ಎಷ್ಟಿರಬಹುದು? ಸರಳ ಲೆಕ್ಕ ಹಾಕಬಹುದು. ಒಂದು ಮೀಟರ್ ಆಳದ ಎರೆ 150 ಮಿಲಿಮೀಟರ್ ನೀರು ಕಳೆದುಕೊಂಡು, ಅಷ್ಟೇ ಗಾತ್ರ, ಮೂರು ದಿಕ್ಕಿಗೂ ಸಮವಾಗಿ ಕುಗ್ಗಿತೆಂದುಕೊಳ್ಳಿ. ಪ್ರತಿ ದಿಕ್ಕಿಗೆ ಶೇಕಡ 5ಕ್ಕೆ ತುಸು ಹೆಚ್ಚು. ಹೊಲದ ಮಟ್ಟ ಸುಮಾರು 53 ಮಿಲಿಮೀಟರ್ ಇಳಿಯುತ್ತದೆ, ಉಳಿದ 97 ಮಿಲಿಮೀಟರಿನಷ್ಟು ಗಾತ್ರ ಬಿರುಕಾಗುತ್ತದೆ. ಎಕರೆಗೆ ಅದು 390 ಘನ ಮೀಟರಿಗೂ ಹೆಚ್ಚು, ಹತ್ತಿರ ಹತ್ತಿರ ನಾಲ್ಕು ಲಕ್ಷ ಲೀಟರ್ ಹಿಡಿಯುವ ಜಾಗ. ಹೊಲ ಮೂರು ದಿಕ್ಕಿಗೂ ಸಮವಾಗಿ ಕುಗ್ಗುವುದು ಅಪರೂಪ, ಮೇಲಿನ ಪುಡಿ ಬಿದ್ದು ಕೆಲವು ಬಿರುಕು ತುಂಬಿಯೂ ಇರುತ್ತದೆ. ಆದರೂ ಬೇಸಿಗೆಯ ಎರೆಹೊಲ ತನ್ನ ಹೊಟ್ಟೆಯಲ್ಲಿ ಒಂದು ಕೃಷಿಹೊಂಡದಷ್ಟು ಬರಿದು ಜಾಗ ಇಟ್ಟುಕೊಂಡಿರುತ್ತದೆ ಎನ್ನಲು ಈ ಲೆಕ್ಕ ಸಾಕು.

ಮೊದಲ ಸೀಳು ತನ್ನ ಎರಡೂ ಬದಿಯ ಎಳೆತವನ್ನು ಸಡಿಲಿಸುತ್ತದೆ. ಸೀಳಿನ ಉದ್ದಕ್ಕೆ ಎಳೆತ ಉಳಿದಿರುತ್ತದೆ. ಆದ್ದರಿಂದ ಎರಡನೆಯದು ಮೊದಲನೆಯದಕ್ಕೆ ಲಂಬವಾಗಿ ಬಂದು ಕೂಡುತ್ತದೆ, ನಾಲ್ಕು ಮೂಲೆಯ ತುಂಡುಗಳಾಗುತ್ತವೆ. ಕೆರೆಯಂಗಳದ ತೆಳು ಕೆಸರು ಮೊದಲ ಸಲ ಒಣಗಿದಾಗ ಕಾಣುವುದು ಇದು. ಹಸಿ-ಒಣಗಾಟ ಹಲವು ಸಲ ನಡೆದ ನೆಲದಲ್ಲಿ ಕೂಡುವ ಮೂಲೆಗಳು ನಿಧಾನವಾಗಿ 120 ಡಿಗ್ರಿಯತ್ತ ಸರಿದು ಆರು ಮೂಲೆಯ ಆಕಾರ ಮೂಡುತ್ತದೆ. ಒಣಗಿದ ಪದರ ದಪ್ಪವಾದಷ್ಟೂ ಸೀಳುಗಳ ನಡುವಿನ ಅಂತರ ಹೆಚ್ಚು. ಸಾಲುಬೆಳೆಯ ಹೊಲದಲ್ಲಿ ಕ್ರಮವೇ ಬೇರೆ. ಜೋಳದ ಬೇರು ಸಾಲಿನ ಬುಡದ ಮಣ್ಣನ್ನು ಒಣಗಿಸಿ ತನ್ನತ್ತ ಎಳೆದುಕೊಳ್ಳುತ್ತದೆ, ಬೇರಿನ ಹೆಣಿಗೆ ಆ ಮಣ್ಣಿಗೆ ಬಲವನ್ನೂ ಕೊಡುತ್ತದೆ. ಹೀಗಾಗಿ ದೊಡ್ಡ ಬಿರುಕು ಸಾಲುಗಳ ನಡುವೆ, ಸಾಲಿನ ಉದ್ದಕ್ಕೆ ಓಡುತ್ತದೆ.

ನೆಲದೊಳಗೆ

ಮಣ್ಣಿನ ವರ್ಗೀಕರಣದಲ್ಲಿ ಇಂಥವು ವರ್ಟಿಸಾಲ್‌ಗಳು: ಶೇಕಡ 30ಕ್ಕಿಂತ ಹೆಚ್ಚು ಜೇಡಿ, ಕಾಲಕಾಲಕ್ಕೆ ತೆರೆದು ಮುಚ್ಚುವ ಬಿರುಕು, ಆಳದಲ್ಲಿ ನುಣುಪು ಜಾರುಮೈ. ಈ ಮೂರನೆಯದು ಗುಂಡಿ ತೋಡಿದಾಗಷ್ಟೇ ಕಾಣುತ್ತದೆ. ಮಳೆಗಾಲದಲ್ಲಿ ಕೆಳಮಣ್ಣು ಉಬ್ಬಿದಾಗ ಜಾಗ ಸಾಲದೆ ಒಂದು ಹೆಂಟೆ ಇನ್ನೊಂದರ ಮೇಲೆ ಓರೆಯಾಗಿ ಜಾರುತ್ತದೆ, ಜಾರಿದ ಮೈ ಮೆರುಗಿಟ್ಟಂತೆ ಹೊಳೆಯುತ್ತದೆ. ಬಿರುಕಿಗೆ ಬಿದ್ದ ಮೇಲ್ಮಣ್ಣು ಹೀಗೆ ಉಬ್ಬಿ ಮೇಲೆ ಬಂದು ಎರೆ ತನ್ನನ್ನು ತಾನೇ ಮಗುಚಿಕೊಳ್ಳುತ್ತದೆ ಎಂಬ ವಿವರಣೆ ಬಹುಕಾಲ ನಡೆಯಿತು. ಅದು ಅತಿಯಾದ ಮಾತು. ಆಳಕ್ಕೆ ಹೋದಂತೆ ಮಣ್ಣಿನ ಸಾವಯವ ಇಂಗಾಲದ ವಯಸ್ಸು ಕ್ರಮವಾಗಿ ಹೆಚ್ಚುವುದು ಹಲವೆಡೆ ಕಂಡುಬಂದಿದೆ. ಪೂರ್ತಿ ಮಗುಚುತ್ತಿದ್ದರೆ ಹಾಗಾಗುತ್ತಿರಲಿಲ್ಲ.

ನಾಗಪುರದ ರಾಷ್ಟ್ರೀಯ ಮಣ್ಣು ಸಮೀಕ್ಷಾ ಸಂಸ್ಥೆಯ ವಿಜ್ಞಾನಿಗಳು, ಮುಖ್ಯವಾಗಿ ಡಿ. ಕೆ. ಪಾಲ್ ಮತ್ತು ಸಂಗಡಿಗರು, ಇನ್ನೊಂದು ಸಂಗತಿ ಗುರುತಿಸಿದರು. ಮಳೆ ಹೆಚ್ಚಿರುವ ಕಡೆಯ ಎರೆಯಲ್ಲಿ ಬಿರುಕು ಜಾರುಮೈ ಪದರದ ಮೇಲೆಯೇ ನಿಲ್ಲುತ್ತದೆ. ಮಳೆ ಕಡಿಮೆಯ ಸೀಮೆಯಲ್ಲಿ ಆ ಪದರವನ್ನೂ ಸೀಳಿಕೊಂಡು ಇಳಿಯುತ್ತದೆ. ಕಾರಣ ಸುಣ್ಣ. ಒಣ ಹವೆಯಲ್ಲಿ ಕ್ಯಾಲ್ಸಿಯಂ ಹರಳುಗಟ್ಟಿ ಕೂತುಬಿಟ್ಟರೆ ಜೇಡಿಯ ಮೇಲೆ ಸೋಡಿಯಂ ಪಾಲು ಹೆಚ್ಚುತ್ತದೆ, ಜೇಡಿ ಚದುರಿ ರಂಧ್ರ ಕಟ್ಟಿಕೊಳ್ಳುತ್ತದೆ, ನೀರು ಆಳಕ್ಕೆ ಇಳಿಯುವುದಿಲ್ಲ, ಕೆಳಮಣ್ಣು ಪ್ರತಿವರ್ಷ ಇನ್ನಷ್ಟು ಒಣಗುತ್ತದೆ. ಐದಾರು ನೂರು ಮಿಲಿಮೀಟರ್ ಮಳೆಯ ಈ ಸೀಮೆಗೆ ಹೊಂದುವ ಚಿತ್ರ ಎರಡನೆಯದು. ಹೊಲದಲ್ಲಿ ಸುಣ್ಣಕಲ್ಲಿನ ಹರಳು ಹೆಚ್ಚು ಸಿಕ್ಕರೆ ಕೆಳಗೆ ಚೌಳು ಕೂಡುತ್ತಿದೆಯೇ ಎಂದು ಮಣ್ಣು ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಹೊಲಕ್ಕೆ ಕೇಡೋ ಒಳಿತೋ

ಬಿರುಕನ್ನು ನೆಲದ ರೋಗವೆಂದು ನೋಡುವ ಬರವಣಿಗೆಯೇ ಹೆಚ್ಚು. ಈ ಲೇಖಕನ ಮತ ಬೇರೆ: ಜೂನ್‌ನಲ್ಲಿ ಅದು ಒಳಿತು, ಡಿಸೆಂಬರ್‌ನಲ್ಲಿ ಕೇಡು.

ಮುಂಗಾರಿನ ಮೊದಲ ದೊಡ್ಡ ಮಳೆ ಬಿರುಕಿನ ಮೂಲಕ ನೇರ ಕೆಳಮಣ್ಣಿಗೆ ಇಳಿಯುತ್ತದೆ. ಆಗ ಎರೆ ಮೇಲಿನಿಂದ ಅಷ್ಟೇ ಅಲ್ಲ, ಒಳಗಿನಿಂದಲೂ ನೆನೆಯುತ್ತದೆ. ಬಿರುಕು ಮುಚ್ಚಿದ ಮೇಲೆ ಕತೆ ಬದಲಾಗುತ್ತದೆ. ಪಟಾನ್‌ಚೆರುವಿನಲ್ಲಿ 1972ರಲ್ಲಿ ಆರಂಭವಾದ ಇಕ್ರಿಸ್ಯಾಟ್ ಸಂಸ್ಥೆಯ ಅಳತೆಯಂತೆ, ಎರೆ ಮೊದಲ ಅರ್ಧ ಗಂಟೆಯಲ್ಲಿ ಗಂಟೆಗೆ ಸುಮಾರು 76 ಮಿಲಿಮೀಟರ್ ವೇಗದಲ್ಲಿ ನೀರು ಕುಡಿಯುತ್ತದೆ. ಆರು ದಿನ ನೆನೆದ ಮೇಲೆ ಗಂಟೆಗೆ 0.2 ಮಿಲಿಮೀಟರ್. ಮುಂಗಾರಿನಲ್ಲಿ ಆಳ ಎರೆಯನ್ನು ಬೀಳು ಬಿಟ್ಟು, ಕುಂಟೆ ಹೊಡೆಯುತ್ತ ಹದ ಕಾಯ್ದು, ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬೆ ಬಿತ್ತುವ ಪದ್ಧತಿ ಈ ಗುಣಕ್ಕೆ ತಕ್ಕಂತೆ ಬೆಳೆದುಬಂದದ್ದು. ಮುಂಗಾರಿಯನ್ನೂ ಹಿಡಿಯಲೆಂದು ಇಕ್ರಿಸ್ಯಾಟ್ ಒಂದೂವರೆ ಮೀಟರ್ ಅಳತೆಯ ಅಗಲ ಮಡಿ-ಕಾಲುವೆ ಪದ್ಧತಿ ರೂಪಿಸಿತು, ಒಣನೆಲದಲ್ಲೇ ಬಿತ್ತಲು ಹೇಳಿತು. ಮಳೆ ನಂಬಿಕೆಗೆ ಅರ್ಹವಾದ ಕಡೆ ಅದು ನಡೆಯಿತು. ಗದ್ವಾಲಿನಂಥ ಮಳೆಗೆ ಒಣಬಿತ್ತನೆ ಜೂಜೇ.

ಹಿಂಗಾರಿ ಬೆಳೆ ನಿಂತಾಗ ಬೀಳುವ ಬಿರುಕು ಬೇರನ್ನು ಹರಿಯುತ್ತದೆ, ಒಳಗಿನ ತೇವಕ್ಕೆ ಗಾಳಿಯ ದಾರಿ ತೆರೆಯುತ್ತದೆ. ಇದಕ್ಕೆ ರೈತರ ಮದ್ದು ಎಡೆಕುಂಟೆ. ಮೇಲಿನ ಎರಡು ಮೂರು ಬೆರಳು ಮಣ್ಣನ್ನು ಪುಡಿ ಮಾಡಿ ಸೀಳಿನ ಬಾಯಿಗೆ ತುಂಬುವುದು. ಈ ಪುಡಿ ಹೊದಿಕೆಗೆ ಎರಡು ಕೆಲಸ: ನೀರು ಮೇಲೇರುವ ಸಣ್ಣ ದಾರಿಗಳನ್ನು ಕತ್ತರಿಸುವುದು, ಸೀಳಿನ ಗೋಡೆ ಗಾಳಿಗೆ ಒಡ್ಡದಂತೆ ಮುಚ್ಚುವುದು. 1930ರ ದಶಕದ ಮೊದಲರ್ಧದಲ್ಲಿ ಸೊಲ್ಲಾಪುರ, ವಿಜಯಪುರ, ಹಗರಿ, ರೋಹ್ಟಕ್‌ಗಳ ಜೊತೆಗೆ ರಾಯಚೂರಿನಲ್ಲೂ ಶುರುವಾದ ಒಣಬೇಸಾಯ ಸಂಶೋಧನಾ ಕೇಂದ್ರಗಳು ಪರೀಕ್ಷಿಸಿದ ಪದ್ಧತಿಗಳಲ್ಲಿ ಹರಗುವುದೂ ಒಂದು. ಕುಂಟೆಗೆ ಎತ್ತು ಬೇಕು. ಎತ್ತಿಲ್ಲದ ಮನೆಗಳು ಹೆಚ್ಚಿದಂತೆ ಈ ಮದ್ದು ಹಿಂದೆ ಬಿದ್ದಿದೆ. ಕಳೆನಾಶಕ ಕಳೆಯನ್ನು ಕೊಲ್ಲಬಹುದು, ಬಿರುಕು ಮುಚ್ಚಲಾರದು.

ಭತ್ತದ ಮಾತು ಬೇರೆ. ಜುರಾಲಾ ಅಣೆಕಟ್ಟು, ಭೀಮಾ ಮತ್ತು ನೆಟ್ಟೆಂಪಾಡು ಏತ ನೀರಾವರಿ, ಮಕ್ತಲ್ ಬಳಿಯ ಸಂಗಂಬಂಡ, ಭೂತ್ಪುರ ಜಲಾಶಯಗಳ ನೀರು ಬಂದ ಮೇಲೆ ಎರೆಯಲ್ಲೂ ಕೆಸರುಗದ್ದೆ ಹಬ್ಬಿದೆ. ಕೆಸರು ಕಲಸಿದಾಗ ಮಣ್ಣಿನ ಹರಳುಕಟ್ಟು ಮುರಿದು ಜೇಡಿ ಹೆಚ್ಚು ನೀರು ಹಿಡಿಯುತ್ತದೆ. ಹಾಗೆ ಕಲಸಿದ್ದು ಒಣಗಿದರೆ ಕುಗ್ಗುವುದೂ ಹೆಚ್ಚು. ಕಾಲುವೆಯ ಸರದಿ ತಪ್ಪಿ ಗದ್ದೆ ಒಮ್ಮೆ ಬಿರಿದರೆ, ಮತ್ತೆ ಬಿಟ್ಟ ನೀರಿನ ಬಹುಪಾಲು ಬೇರಿನ ಪಕ್ಕದಿಂದಲೇ ಜಾರಿ ಆಳಕ್ಕೆ ಹೋಗುತ್ತದೆ, ಸೀಳು ಬೇಗ ಕೂಡಿಕೊಳ್ಳುವುದಿಲ್ಲ. ನೀರು ಉಳಿಸಲು ಗದ್ದೆಯನ್ನು ಹಸಿ-ಒಣ ಬಿಡುವ ಪದ್ಧತಿ ಎರೆಯಲ್ಲಿ ಕೂದಲೆಳೆ ಸೀಳು ಕಂಡಲ್ಲಿಗೆ ನಿಲ್ಲಬೇಕು.

ಒಡ್ಡು, ಕಾಲುವೆ, ಮನೆ

ಕಟ್ಟಿದ್ದರ ಮಟ್ಟಿಗೆ ಬಿರುಕಿನಲ್ಲಿ ಒಳಿತೇನೂ ಇಲ್ಲ. ಎರೆಮಣ್ಣಿನ ಒಡ್ಡು ಬೇಸಿಗೆಯಲ್ಲಿ ನೆತ್ತಿಯ ಉದ್ದಕ್ಕೆ ಸೀಳುತ್ತದೆ, ಮೊದಲ ಮಳೆಗೆ ಅದೇ ಸೀಳಲ್ಲಿ ನೀರು ನಿಂತು ಬದಿಯನ್ನು ತಳ್ಳುತ್ತದೆ. ನೀರು ಕುಡಿದ ಜೇಡಿಯ ಅಂಟುಬಲ 20 ಕಿಲೋಪಾಸ್ಕಲ್, ಘನ ಮೀಟರಿಗೆ ತೂಕ 18 ಕಿಲೋನ್ಯೂಟನ್ ಇದ್ದರೆ, ಬದಿ ಹೊರಕ್ಕೆ ಸರಿದಾಗ ಎಳೆತದ ಸೀಳು ಎರಡು ಮೀಟರಿಗೂ ಆಳ ಇಳಿಯಬಲ್ಲದು. ಆಳ ಎರೆಯಲ್ಲಿ ನೀರನ್ನು ತಡೆದು ನಿಲ್ಲಿಸುವ ಸಮಪಾತಳಿ ಒಡ್ಡು ಒಡೆದುಹೋಗುವುದರಿಂದ, ಮಂದ ಇಳಿಜಾರಿನಲ್ಲಿ ಹೆಚ್ಚಿನ ನೀರನ್ನು ಹೊರಬಿಡುವ ಒಡ್ಡನ್ನೇ ಮಣ್ಣು ಸಂರಕ್ಷಣೆಯವರು ಹೇಳುತ್ತಾರೆ. ಕಾಲುವೆಗೆ ಮುಂಬಯಿ ಐಐಟಿಯ ಆರ್. ಕೆ. ಕಟ್ಟಿ ಕೊಟ್ಟ ಉಪಾಯ ಸರಳವಾದದ್ದು: ಎರೆಯ ಮತ್ತು ಹೊದಿಕೆಯ ನಡುವೆ, ಉಬ್ಬದ ಆದರೆ ಅಂಟುಗುಣವುಳ್ಳ ಮಣ್ಣಿನ ಪದರ ಕೂರಿಸುವುದು. ಕರ್ನಾಟಕದ ಮಲಪ್ರಭಾ ಕಾಲುವೆಯಲ್ಲಿ ಇದನ್ನು ಪರೀಕ್ಷಿಸಿದರು, ಮುಂದೆ ಭಾರತೀಯ ಮಾನಕಕ್ಕೂ ಬಂತು.

ರಾಯಚೂರಿನಿಂದ ಮಕ್ತಲ್ ಮೂಲಕ ಹೋಗುವ 167ನೆಯ ರಾಷ್ಟ್ರೀಯ ಹೆದ್ದಾರಿಯಂಥ ರಸ್ತೆಗಳಲ್ಲಿ ಎರೆಯ ಭಾಗಕ್ಕೆ ಬೇಸಿಗೆಯ ಅಪಾಯವೆಂದರೆ ಅಂಚಿನ ಉದ್ದುದ್ದ ಸೀಳು. ಡಾಂಬರಿನ ಅಡಿಯ ಮಣ್ಣು ತೇವ ಉಳಿಸಿಕೊಂಡಿರುತ್ತದೆ, ಬದಿಯ ಮಣ್ಣು ಒಣಗಿ ಇಳಿಯುತ್ತದೆ, ಮೇಲ್ಮೈ ನಡುವೆ ಎಳೆತಕ್ಕೆ ಸಿಕ್ಕುತ್ತದೆ. ಮನೆಯೂ ಹಾಗೆಯೇ. ಹೊರಗೋಡೆ ಕೂರುತ್ತದೆ, ನಡುಮನೆ ಉಬ್ಬಿದಂತಾಗುತ್ತದೆ, ಕಿಟಕಿಯ ಮೂಲೆಯಿಂದ ಓರೆ ಸೀಳು ಏರುತ್ತದೆ. ಹಳಬರು ಎರೆಯನ್ನು ತೆಗೆದು ಗರಸು ತುಂಬಿ ಅಡಿಪಾಯ ಹಾಕುತ್ತಿದ್ದರು. ಮಾಳಿಗೆಯ ಮೇಲೆ ಎರೆ ಹಾಕದೆ ಸವುಳು ಮಣ್ಣು ಹಾಕುತ್ತಿದ್ದರು. ಮಳೆ ಬಿದ್ದರೆ ಅದು ಚದುರಿ ರಂಧ್ರ ಮುಚ್ಚಿ ಸೋರಿಕೆ ತಡೆಯುತ್ತದೆ. ಇಂದಿನ ಉಪಾಯಗಳಲ್ಲಿ ಮುಖ್ಯವಾದದ್ದು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬೆಳೆಸಿದ, ಬುಡದಲ್ಲಿ ಬಲ್ಬಿನಂತೆ ಅಗಲವಾಗುವ ಕಂಬದ ಅಡಿಪಾಯ. ಋತುಮಾನದ ಆಟ ನಡೆಯುವ ಪದರವನ್ನು ದಾಟಿ ಕೆಳಗೆ ಅದು ನೆಲೆ ಹಿಡಿಯುತ್ತದೆ. ಸುಣ್ಣ ಬೆರೆಸಿ ಮಣ್ಣಿನ ಉಬ್ಬುವ ಗುಣ ತಗ್ಗಿಸುವುದು ಇನ್ನೊಂದು.

ಮಕ್ತಲ್, ನಾರಾಯಣಪೇಟೆ, ಗದ್ವಾಲ್ ಸುತ್ತ ಎರೆಹೊಲಗಳು ಸೈಟುಗಳಾಗುತ್ತಿವೆ. ಅಲ್ಲಿ ಮನೆ ಕಟ್ಟುವವರು ಅಡಿಪಾಯದ ಆಳದ ಮಣ್ಣಿಗೆ ಉಬ್ಬುಸೂಚಿ ಪರೀಕ್ಷೆಯನ್ನಾದರೂ ಮಾಡಿಸಬೇಕು. ಜರಡಿ ಹಿಡಿದ ಒಣಮಣ್ಣನ್ನು ಹತ್ತು ಹತ್ತು ಗ್ರಾಂ ತೂಗಿ, ಒಂದು ಅಳತೆಗೊಳವೆಯಲ್ಲಿ ನೀರಿಗೂ ಇನ್ನೊಂದರಲ್ಲಿ ಸೀಮೆಎಣ್ಣೆಗೂ ಹಾಕಿ ಒಂದು ದಿನ ಬಿಡುವುದು. ಸೀಮೆಎಣ್ಣೆಯಲ್ಲಿ ಜೇಡಿ ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ಎರಡರ ಅಂತರ ಸೀಮೆಎಣ್ಣೆಯಲ್ಲಿನ ಗಾತ್ರದ ಶೇಕಡ 50 ದಾಟಿದರೆ ಜಾಗರೂಕತೆ ಬೇಕು, 100 ದಾಟಿದರೆ ಮಾಮೂಲಿ ಪಾಯ ಹಾಕಬಾರದು.